ಜಿಐಎಸ್ ಕಟ್ಟುವ ಮುಂಚೆ ಬಳಸುವವರನ್ನು ಏನು ಕೇಳಬೇಕು?

ಜಿಐಎಸ್ ಎಂದರೆ ನಕ್ಷೆಯನ್ನೂ ಅದರಲ್ಲಿರುವ ಜಾಗಗಳ ಮಾಹಿತಿಯನ್ನೂ ಕಂಪ್ಯೂಟರ್‌ನಲ್ಲಿ ಒಟ್ಟಿಗೆ ಇಡುವ ವ್ಯವಸ್ಥೆ. ರಸ್ತೆ, ಪೈಪ್, ಕಟ್ಟಡ ಹೀಗೆ ಒಂದೊಂದು ಬಗೆಯ ಮಾಹಿತಿ ಅದರಲ್ಲಿ ಒಂದೊಂದು ಪದರ, ಅಂದರೆ ಲೇಯರ್. 'ನಿಮಗೆ ಯಾವ್ಯಾವ ಲೇಯರ್ ಬೇಕು?' ಬಳಸುವವರನ್ನು ಮೊದಲ ಮೀಟಿಂಗ್‌ನಲ್ಲೇ ಹೀಗೆ ಕೇಳುವುದನ್ನು ತುಂಬಾ ಸಲ ನೋಡಿದ್ದೇನೆ. 'ಎಲ್ಲಾ ಇರಲಿ' ಎನ್ನುತ್ತಾರೆ. ಕೊನೆಗೆ ಎಲ್ಲವೂ ಬರುತ್ತದೆ, ದಿನದ ಕೆಲಸಕ್ಕೆ ಬೇಕಾದ್ದೊಂದು ಬಿಟ್ಟು.

1. ಯಾರು ನೋಡುತ್ತಾರೆ, ಯಾರು ತಿದ್ದುತ್ತಾರೆ, ಯಾರು ವರದಿ ತೆಗೆಯುತ್ತಾರೆ, ಪಟ್ಟಿ ಮಾಡಿ.

2. ಅವರ ಜೊತೆ ಒಂದು ದಿನ ಓಡಾಡಿ. ಫಾರಂ ಹಂಚಿ ತುಂಬಿಸಿಕೊಂಡರೆ ಸಾಲದು. ನೀರಿನ ಪೈಪ್ ರಿಪೇರಿ ಮಾಡುವವರೊಬ್ಬರ ಜೊತೆ ನಾನು ಹೋಗಿದ್ದೆ. ಮಡಚಿ ಮಡಚಿ ಸವೆದ ನಕ್ಷೆಯೊಂದನ್ನು ಜೇಬಿನಿಂದ ತೆಗೆದರು. ವಾಲ್ವ್ ಗುರುತಿನ ಪಕ್ಕ ಪೆನ್ಸಿಲ್‌ನಲ್ಲಿ 'ಗೋಡೆ ಮೂಲೆಯಿಂದ ಮೂರು ಹೆಜ್ಜೆ' ಎಂದಿತ್ತು. ಮೀಟಿಂಗ್‌ನಲ್ಲಿ ಈ ಮಾತು ಬಂದೇ ಇರಲಿಲ್ಲ. ಯಾರೂ ಕೇಳಿರಲಿಲ್ಲ, ಅಷ್ಟೇ.

3. ಜಾಸ್ತಿ ಎಡವುವುದು ನಿಖರತೆಯ ವಿಷಯದಲ್ಲಿ. 'ಎಷ್ಟು ನಿಖರವಾಗಿರಬೇಕು?' ಎಂದರೆ 'ಪಕ್ಕಾ ಇರಬೇಕು' ಎಂದೇ ಹೇಳುತ್ತಾರೆ. ಹಾಗೆ ಕೇಳಬೇಡಿ. 'ಗುರುತು ಎಷ್ಟು ಮೀಟರ್ ಪಕ್ಕಕ್ಕೆ ಸರಿದರೆ ನಿಮ್ಮ ಕೆಲಸ ಕೆಡುತ್ತದೆ?' ಎಂದು ಕೇಳಿ. ರಸ್ತೆ ಅಗೆಯುವವರಿಗೆ ಒಂದು ಮೀಟರೇ ದೊಡ್ಡದು. ಮೊಬೈಲ್ ಜಿಪಿಎಸ್ ಬಯಲಿನಲ್ಲೂ ಸುಮಾರು 5 ಮೀಟರ್ ಆಚೀಚೆ ಆಗಬಹುದು, ಎತ್ತರದ ಕಟ್ಟಡಗಳ ನಡುವೆ ಇನ್ನೂ ಹೆಚ್ಚು. ಇನ್ನು ಹಳೆ ನಕ್ಷೆ ಸ್ಕ್ಯಾನ್ ಮಾಡಿ ಹಾಕಿಬಿಡೋಣ ಎನ್ನುವ ಅಡ್ಡದಾರಿ ಇದೆಯಲ್ಲ, ಅದರ ಲೆಕ್ಕ ನೋಡಿ: 1:50,000 ಅಳತೆಯ ನಕ್ಷೆಯಲ್ಲಿ ಅರ್ಧ ಮಿಲಿಮೀಟರ್ ಗೆರೆ ಎಂದರೆ ನೆಲದ ಮೇಲೆ 25 ಮೀಟರ್. ಎಷ್ಟು ಝೂಮ್ ಮಾಡಿದರೂ ಅದು ಕಮ್ಮಿ ಆಗುವುದಿಲ್ಲ.

ಹಾಗಂತ ಎಲ್ಲರಿಗೂ ಸೆಂಟಿಮೀಟರ್ ಸರ್ವೆ ಬೇಡ. ದೊಡ್ಡ ಹೊಲಗಳ ಬೆಳೆ ನೋಡುವವರಿಗೆ ಸೆಂಟಿನೆಲ್-2 ಉಪಗ್ರಹದ 10 ಮೀಟರ್ ಪಿಕ್ಸೆಲ್ (ಚಿತ್ರದ ಒಂದು ಚುಕ್ಕೆ ಎಂದರೆ ನೆಲದ ಮೇಲೆ 10 ಮೀಟರ್ ಅಗಲ) ಸಾಕು. ಸುಮ್ನೆ ದುಡ್ಡು ಸುರಿಯಬೇಡಿ. ಮಾಹಿತಿ ಎಷ್ಟು ಹಳೆಯದಾದರೆ ಕೆಲಸಕ್ಕೆ ಬಾರದು ಎಂಬುದನ್ನೂ ಇಲ್ಲೇ ಬರೆದುಕೊಳ್ಳಿ. ದಿನವೋ, ವರ್ಷವೋ?

4. ಕೊನೆಗೆ ಕೈಗೆ ಬರಬೇಕಾದ ನಕ್ಷೆ, ಪಟ್ಟಿ, ವರದಿಯನ್ನು ಕಾಗದದ ಮೇಲೆ ಬಿಡಿಸಿ. 1960ರ ದಶಕದಲ್ಲಿ ಕೆನಡಾದ ಜಿಐಎಸ್ ಕಟ್ಟಿದ ರೋಜರ್ ಟಾಮ್ಲಿನ್ಸನ್ ಕೂಡ ಇದನ್ನೇ ಒತ್ತಿ ಹೇಳುತ್ತಿದ್ದರು: ಏನು ಹೊರಬರಬೇಕು ಎಂಬುದು ಮೊದಲು, ಡೇಟಾ ಆಮೇಲೆ. ಈ ಹಂತದಲ್ಲಿ ಗಿರಗಿರ ತಿರುಗುವ 3ಡಿ ಡೆಮೊ ತೋರಿಸಲೇಬೇಡಿ. ಕಂಡದ್ದನ್ನೇ ಬೇಕು ಎನ್ನುತ್ತಾರೆ, ಬೇಕಾದ್ದು ಮರೆತುಹೋಗುತ್ತದೆ.

5. ಬಿಡಿಸಿದ ಹಾಳೆಯನ್ನು ಅವರು ಕೆಲಸ ಮಾಡುವ ಜಾಗಕ್ಕೇ ಒಯ್ಯಿರಿ. ಬಿಸಿಲಲ್ಲಿ ಫೋನ್ ಪರದೆ ಕಾಣುತ್ತದಾ, ನೆಟ್‌ವರ್ಕ್ ಸಿಗುತ್ತದಾ, ಕೈಗವಸು ಹಾಕಿಕೊಂಡು ಬಟನ್ ಒತ್ತಲು ಆಗುತ್ತದಾ ಎಂದು ಅಲ್ಲೇ ನೋಡಿ. ಹಾಳೆಯನ್ನು ಪೆನ್ಸಿಲ್ ಜೊತೆ ಅವರ ಕೈಗೇ ಕೊಡಿ. ಅವರು ಗೀಚಿದ ಮೇಲೆ ಸಹಿ ಹಾಕಿಸಿಕೊಳ್ಳಿ, ಅದಕ್ಕೂ ಮುಂಚೆ ಬೇಡ.