ಓದಿದ ಪುಸ್ತಕ ಮಾರೋಕೆ ಯಾರ ಅಪ್ಪಣೆಯೂ ಬೇಡ

ಬೆಳಗಾವಿಯ ತಿಲಕವಾಡಿಯಲ್ಲಿ ನಾನು ಹಳೇ ಪುಸ್ತಕ ಕೊಂಡು ಮಾರುತ್ತೇನೆ, ಬಾಡಿಗೆಗೂ ಕೊಡುತ್ತೇನೆ. ಗಿರಾಕಿಗಳಲ್ಲಿ ಇಂಜಿನಿಯರಿಂಗ್ ಹುಡುಗರೇ ಜಾಸ್ತಿ. ಕೆಲವರು ಮೊದಲ ಪುಟಗಳನ್ನು ತೆಗೆದು ತೋರಿಸಿ, "ಸರ್, ಮಾರಬಾರದು, ಎರವಲು ಕೊಡಬಾರದು ಅಂತ ಬರದಾರಲ್ರಿ? ಕೇಸ್ ಆಗೂದಿಲ್ಲೇನ್ರಿ?" ಅಂತ ಕೇಳುತ್ತಾರೆ.

ಆಗೋದಿಲ್ಲ. 1957ರ ಕಾಪಿರೈಟ್ ಕಾಯ್ದೆಯ 14ನೇ ಸೆಕ್ಷನ್ನಿನ ಪ್ರತಿಯನ್ನು ನಾನು ಗಲ್ಲೆಯ ಹಿಂದೆ ಅಂಟಿಸಿದ್ದೇನೆ. ಪುಸ್ತಕವನ್ನು ಮೊದಲು ಜನರಿಗೆ ತಲುಪಿಸುವ ಹಕ್ಕು ಕಾಪಿರೈಟ್ ಇದ್ದವರದ್ದು. ಆದರೆ ಒಮ್ಮೆ ಮಾರಿದ ಪ್ರತಿ ಆಗಲೇ ಚಲಾವಣೆಗೆ ಬಂದಂತೆ ಅಂತ ಅಲ್ಲೇ ಹೇಳಿದೆ. ಅದರ ಮೇಲೆ ಆ ಹಕ್ಕು ನಡೆಯೋದಿಲ್ಲ. ಅಮೆರಿಕದಲ್ಲೂ 1908ರಲ್ಲಿ ಇಂಥದೇ ಜಗಳ ಸುಪ್ರೀಂ ಕೋರ್ಟಿಗೆ ಹೋಗಿತ್ತು. ಒಂದು ಡಾಲರಿಗಿಂತ ಕಡಿಮೆಗೆ ಮಾರಬಾರದು ಅಂತ ಪ್ರಕಾಶಕರು ಕಾದಂಬರಿಯೊಳಗೆ ಅಚ್ಚು ಹಾಕಿದ್ದರು. ಅಂಗಡಿಯವರು 89 ಸೆಂಟಿಗೆ ಮಾರಿದರು. ಗೆದ್ದದ್ದು ಅಂಗಡಿಯವರೇ.

ಹುಡುಗರು ತೋರಿಸುವ, ಇಂಗ್ಲಿಷ್ ಪೇಪರ್‌ಬ್ಯಾಕ್‌ಗಳಲ್ಲಿರುವ ಆ ಸಾಲನ್ನು ಪೂರ್ತಿ ಓದಿ ನೋಡಿ. ಮೂಲ ಬೈಂಡಿಂಗ್, ರಕ್ಷಾಪುಟ ಬಿಟ್ಟು ಬೇರೆ ರೂಪದಲ್ಲಿ ಕೊಡಬೇಡಿ ಅನ್ನೋದು ಅದರ ಒತ್ತು. ಅದಕ್ಕೇ ಹರಿದ ಪುಸ್ತಕಕ್ಕೆ ರಟ್ಟು ಹಾಕಿಸುವಾಗ ಹಳೇ ರಕ್ಷಾಪುಟವನ್ನೂ ಒಳಗೆ ಸೇರಿಸಿ ಹೊಲಿಯಿರಿ ಅಂತ ಬೈಂಡರ್‌ಗೆ ಹೇಳುತ್ತೇನೆ. ಅದು ಪುಸ್ತಕಕ್ಕೆ ಕೊಡುವ ಮರ್ಯಾದೆಯೂ ಹೌದು, ಅಲ್ವಾ?

ಬಾಡಿಗೆಗೂ ತೊಂದರೆಯಿಲ್ಲ. ಬಾಡಿಗೆಯ ಪ್ರತ್ಯೇಕ ಹಕ್ಕನ್ನು ಕಾಯ್ದೆ ಕೊಟ್ಟಿರೋದು ಸಿನಿಮಾ, ಹಾಡಿನ ರೆಕಾರ್ಡಿಂಗ್, ಸಾಫ್ಟ್‌ವೇರ್‌ಗೆ. ಪುಸ್ತಕಕ್ಕಲ್ಲ. ಪುಸ್ತಕದ ಹಿಂಬದಿಯಲ್ಲಿ ಸಿಡಿ ಇದ್ದರೆ ಅದನ್ನು ತೆಗೆದಿಟ್ಟೇ ಬಾಡಿಗೆಗೆ ಕೊಡುತ್ತೇನೆ.

ಭಾರತದಲ್ಲಿ ಮಾತ್ರ ಮಾರಾಟಕ್ಕೆ ಅಂತ ಅಚ್ಚಾದ ಅಗ್ಗದ ಆವೃತ್ತಿಗಳನ್ನು ಕೊಲ್ಲಾಪುರಕ್ಕೆ ಕಳಿಸುತ್ತೇನೆ, ವಿದೇಶಕ್ಕೆ ಕಳಿಸೋದಿಲ್ಲ. ಅಂಥ ರಫ್ತಿನ ವಿಷಯದಲ್ಲಿ ದೆಹಲಿ ಹೈಕೋರ್ಟ್ 2010ರಲ್ಲಿ ಪ್ರಕಾಶಕರ ಪರ ನಿಂತಿದೆ.

ನಾನು ಮುಟ್ಟದ ಪುಸ್ತಕಗಳು ಎರಡು ಬಗೆ. ಒಂದು, ಮೇಷ್ಟ್ರುಗಳಿಗೆ ಪುಕ್ಕಟೆ ಬರುವ ಸ್ಪೆಸಿಮನ್ ಕಾಪಿ. ಅದು ಒಮ್ಮೆಯೂ ಮಾರಾಟವಾಗಿಲ್ಲ, ಹಾಗಾಗಿ ಮೇಲಿನ ಮಾತು ಅದಕ್ಕೆ ಹೊಂದೋದಿಲ್ಲ. ಇನ್ನೊಂದು ನಕಲಿ. ತೆಳು ಕಾಗದ, ಮಸುಕಾದ ಚಿತ್ರ, ಓರೆಯಾದ ಸಾಲು, ಬಿಚ್ಚಿಕೊಳ್ಳುವ ಗೋಂದು ಕಂಡರೆ ಅನುಮಾನ ಪಡಿ. ಗೊತ್ತಿದ್ದೂ ಮಾರಿದರೆ 63ನೇ ಸೆಕ್ಷನ್ ಪ್ರಕಾರ 6 ತಿಂಗಳಿಂದ 3 ವರ್ಷದವರೆಗೆ ಜೈಲು. ಬರೆದವರ ಹೊಟ್ಟೆ ಮೇಲೆ ಹೊಡೆಯೋದು ಅಂಥ ಪುಸ್ತಕ. ದುಡ್ಡು ಕೊಟ್ಟು ಕೊಂಡ ಅಸಲಿ ಪ್ರತಿ ಇನ್ನೊಬ್ಬ ಹುಡುಗನ ಕೈಗೆ ಹೋದರೆ ಅದು ಕಳ್ಳತನವಲ್ಲ.