ಸುಟ್ಟ ಪ್ಲಗ್ ಬದಲಿಸುವುದು ಹೇಗೆ?

ಗೀಸರ್ ಪ್ಲಗ್ ಕಂದುಬಣ್ಣಕ್ಕೆ ತಿರುಗಿ ಸುಟ್ಟ ವಾಸನೆ ಬರುತ್ತಿದ್ದರೂ ‘ಎಂಸಿಬಿ (ಕರೆಂಟ್ ಮಿತಿಮೀರಿದರೆ ತಾನೇ ಬೀಳುವ ಸ್ವಿಚ್) ಇದೆಯಲ್ಲ’ ಎಂದು ನಿಶ್ಚಿಂತೆಯಿಂದ ಸ್ನಾನ ಮಾಡುವವರನ್ನು ಕಂಡಿದ್ದೇನೆ. ಪ್ಲಗ್ಗಿನೊಳಗೆ ತಂತಿ ಹಿಡಿದಿರುವ ಸ್ಕ್ರೂ ಸಡಿಲವಾದರೆ ಹೆಚ್ಚುವುದು ಬಿಸಿ, ಕರೆಂಟ್ ಅಲ್ಲ. ಹಾಗಾಗಿ ಎಂಸಿಬಿಗೆ ಸುಳಿವೇ ಸಿಗುವುದಿಲ್ಲ. ಹೊದಿಕೆ ಕರಗಿ ಫೇಸ್, ನ್ಯೂಟ್ರಲ್ ತಂತಿಗಳು ಒಂದಕ್ಕೊಂದು ತಾಗಿ ಶಾರ್ಟ್ ಆದ ಮೇಲಷ್ಟೇ ಅದು ಬೀಳುತ್ತದೆ.

ಮೊದಲು ಖರೀದಿ. 2000 ವಾಟ್ ಗೀಸರ್ 230 ವೋಲ್ಟ್‌ನಲ್ಲಿ ಸುಮಾರು 8.7 ಆಂಪಿಯರ್ ಎಳೆಯುತ್ತದೆ. 6 ಆಂಪಿಯರ್ ಪ್ಲಗ್ ಸಾಲದು, 16 ಆಂಪಿಯರ್‌ನದೇ ಬೇಕು. ಐಎಸ್‌ಐ ಮುದ್ರೆಯಿಲ್ಲದ, ಕೈಯಲ್ಲಿ ಹಿಡಿದರೆ ಬೆಂಡಿನಂತೆ ಹಗುರಾಗಿರುವ ಪ್ಲಗ್ಗನ್ನು ಅಂಗಡಿಯಲ್ಲೇ ಬಿಟ್ಟು ಬನ್ನಿ.

ಸ್ವಿಚ್ ಆರಿಸಿ, ಪ್ಲಗ್ ಕಿತ್ತು, ಬಿಚ್ಚಿ.

ಎಲ್ಲರೂ ಎಡವುವುದು ಇನ್ನು ಮುಂದೆ. ಕಪ್ಪಾದ ತಂತಿಯನ್ನೇ ಮತ್ತೆ ಸಿಕ್ಕಿಸಬೇಡಿ. ತಾಮ್ರ ಫಳಫಳ ಹೊಳೆಯುವವರೆಗೂ ಕತ್ತರಿಸಿ ಹಾಕಿ. ಹೊದಿಕೆಯನ್ನು ಹಲ್ಲಿನಿಂದ ಎಳೆದರೆ ಅರ್ಧ ಎಳೆಗಳು ಅದರ ಜೊತೆಗೇ ಹೋಗುತ್ತವೆ, ಉಳಿದರ್ಧದ ಮೇಲೆ ಪೂರ್ತಿ ಭಾರ ಬೀಳುತ್ತದೆ. ಹೊದಿಕೆ ಸುಲಿಯುವ ಸ್ಟ್ರಿಪ್ಪರ್ ಕೊಳ್ಳಿ, ದುಬಾರಿಯೇನಲ್ಲ. ಸುಮಾರು ಒಂದು ಸೆಂಟಿಮೀಟರ್ ಬಿಡಿಸಿ, ಎಳೆಗಳನ್ನು ಬತ್ತಿ ಹೊಸೆದಂತೆ ಹೊಸೆಯಿರಿ. ಒಂದೇ ಒಂದು ಎಳೆ ಹೊರಗೆ ಚಾಚಿದ್ದರೂ ಪಕ್ಕದ ಪಿನ್ನಿಗೆ ತಾಗೀತು. ಸ್ಕ್ರೂ ಕಚ್ಚಬೇಕಾದದ್ದು ತಾಮ್ರವನ್ನು, ಪ್ಲಾಸ್ಟಿಕ್ ಹೊದಿಕೆಯನ್ನಲ್ಲ. ತುದಿಗೆ ಸೀಸ (ಸೋಲ್ಡರ್) ಬೆಸೆಯುವ ಜಾಣತನವೂ ಬೇಡ: ಒತ್ತಡಕ್ಕೆ ಸೀಸ ಮೆಲ್ಲಗೆ ಜಾರಿ, ಬಿಗಿ ಮಾಡಿದ್ದು ಮತ್ತೆ ಸಡಿಲವಾಗುತ್ತದೆ. ಬಿಗಿದ ಮೇಲೆ ಒಂದೊಂದೇ ತಂತಿಯನ್ನು ಜಗ್ಗಿ ನೋಡಿ.

ಕಂದು ತಂತಿ ಎಲ್‌ಗೆ (ಫೇಸ್), ನೀಲಿ ಎನ್‌ಗೆ (ನ್ಯೂಟ್ರಲ್), ಹಸಿರು-ಹಳದಿ ಇ ಅಕ್ಷರದ ದಪ್ಪ ಪಿನ್ನಿಗೆ. ಹಸಿರನ್ನು ಮಡಚಿ ಟೇಪು ಸುತ್ತಿ ಒಳಗೆ ತುರುಕುವವರಿದ್ದಾರೆ. ನೀರಿನ ಉಪಕರಣಕ್ಕೆ ಅರ್ಥಿಂಗ್ ಬೇಡವೆಂದರೆ ಹೇಗೆ? ಆ ತಂತಿಯನ್ನು ಉಳಿದೆರಡಕ್ಕಿಂತ ತುಸು ಉದ್ದ ಬಿಡಿ. ಯಾರಾದರೂ ವೈರ್ ಜಗ್ಗಿದರೆ ಅದು ಕೊನೆಗೆ ಕಳಚಬೇಕು.

ವೈರನ್ನು ಹಿಡಿದಿಡುವ ಪಟ್ಟಿಯ ಸ್ಕ್ರೂ ಮರೆಯದೆ ಹಾಕಿ, ಮುಚ್ಚಿ.

ಸಾಕೆಟ್‌ನ ತೂತುಗಳೂ ಕಪ್ಪಾಗಿದ್ದರೆ ಹೊಸ ಪ್ಲಗ್ಗೂ ಬೇಗನೆ ಸುಡುತ್ತದೆ. ಅದನ್ನು ಎಲೆಕ್ಟ್ರಿಷಿಯನ್ ಬದಲಿಸಲಿ. ಎಂಸಿಬಿ ಪದೇ ಪದೇ ಬೀಳುತ್ತದೆಂದು 32 ಆಂಪಿಯರ್‌ನದನ್ನು ಕೂರಿಸುತ್ತೇನೆ ಎಂದರೆ ಮಾತ್ರ ಬೇರೆಯವರನ್ನು ಹುಡುಕಿ. ಗೋಡೆಯೊಳಗಿನ ತಂತಿ ಸಾಮಾನ್ಯವಾಗಿ ಅಷ್ಟು ಕರೆಂಟ್ ತಾಳುವಷ್ಟು ದಪ್ಪ ಇರುವುದಿಲ್ಲ.

ಗೀಸರನ್ನು ಹತ್ತು ನಿಮಿಷ ಓಡಿಸಿ, ಸ್ವಿಚ್ ಆರಿಸಿ, ಪ್ಲಗ್‌ನ ಮೈ ಮುಟ್ಟಿ ನೋಡಿ. ಉಗುರುಬೆಚ್ಚಗಿದ್ದರೆ ಸರಿ. ಬಿಸಿ ತಟ್ಟಿದರೆ ಮತ್ತೆ ಬಿಚ್ಚಿ.