ಬಿಎಸ್‌ಸಿ ಮೊದಲ ವರ್ಷಕ್ಕೆ ಫಿಸಿಕ್ಸ್: ಹೊಸ ಅತಿಥಿ ಉಪನ್ಯಾಸಕರಿಗೆ

ಗೋಕಾಕ, ಸವದತ್ತಿ, ಬೈಲಹೊಂಗಲ ಕಡೆಯ ಡಿಗ್ರಿ ಕಾಲೇಜಿಗೆ ಹೊಸದಾಗಿ ಹೋಗ್ತಿದ್ದರೆ ಸಿಲೆಬಸ್‌ಗಿಂತ ಮೊದಲು ಲ್ಯಾಬ್ ನೋಡಿ. ಅಟೆಂಡರ್ ಜೊತೆ ಚಹಾ ಕುಡಿಯಿರಿ. ಯಾವ ಸ್ಕ್ರೂ ಗೇಜ್ ಸರಿ ಇದೆ, ಯಾವ ಸ್ಟಾಪ್‌ವಾಚ್ ಕೈಕೊಡುತ್ತೆ, ಬೀಗದ ಕೈ ಯಾರ ಹತ್ರ ಇರುತ್ತೆ, ಎಲ್ಲಾ ಅವರಿಗೇ ಗೊತ್ತು. ಇಂಟರ್ನಲ್ ಮಾರ್ಕ್ಸ್ ಲೆಕ್ಕ ಎಚ್‌ಒಡಿ ಹತ್ರ ಅದೇ ದಿನ ಕೇಳಿಕೊಳ್ಳಿ.

ಈಗ ಪಾಠ. ಮಕ್ಕಳಿಗೆ ಸೂತ್ರ ಬಾಯಿಪಾಠ ಇರುತ್ತೆ, ಅರ್ಥ ಆಗಿರಲ್ಲ. ಹಾಗಾಗಿ ಮೊದಲ ಕ್ಲಾಸಲ್ಲೇ ಡೆರಿವೇಶನ್ ಬೇಡ. ಚಾಕ್‌ಪೀಸ್ ನೇರ ಮೇಲಕ್ಕೆ ಎಸೆದು ಹಿಡಿಯಿರಿ, ತುತ್ತತುದಿಯಲ್ಲಿ ಅದರ ವೇಗೋತ್ಕರ್ಷ (ಆಕ್ಸಲರೇಶನ್) ಎಷ್ಟು ಅಂತ ಕೇಳಿ, ಎಲ್ಲರೂ ನೋಟ್‌ಬುಕ್ಕಲ್ಲಿ ಉತ್ತರ ಬರೆದ ಮೇಲೇ ಕೈ ಎತ್ತಿಸಿ. ಸೊನ್ನೆ ಅನ್ನುವ ಕೈಗಳೇ ಜಾಸ್ತಿ. ತಪ್ಪು ಅನ್ನಬೇಡಿ. ಪಕ್ಕದವರ ಜೊತೆ ಎರಡು ನಿಮಿಷ ವಾದ ಮಾಡಲಿ. ಹಾರ್ವರ್ಡ್‌ನ ಎರಿಕ್ ಮಜೂರ್ 1990ರ ದಶಕದಲ್ಲಿ ಇದೇ ಪದ್ಧತಿಯನ್ನು ಬೆಳೆಸಿದ್ದು, ಇದಕ್ಕೆ ದುಡ್ಡೇನೂ ಬೇಕಿಲ್ಲ. ಆಮೇಲೆ ಕೇಳಿ: ವೇಗವೂ ಸೊನ್ನೆ, ವೇಗೋತ್ಕರ್ಷವೂ ಸೊನ್ನೆ ಅಂದ್ರೆ ಚಾಕ್‌ಪೀಸ್ ಅಲ್ಲೇ ನಿಂತುಬಿಡಬೇಕಿತ್ತು ಅಲ್ವಾ? ಆಗ ಅವರೇ 9.8ಕ್ಕೆ, ಅಂದ್ರೆ ಗುರುತ್ವದ ವೇಗೋತ್ಕರ್ಷಕ್ಕೆ (g, ಮೀ/ಸೆ²), ಬರ್ತಾರೆ.

ವಿವರಣೆ ಕನ್ನಡದಲ್ಲೇ ಇರಲಿ. ಪರೀಕ್ಷೆ ಇಂಗ್ಲಿಷಲ್ಲಿ ಬರೆಯೋರಿದ್ದರೆ ಬೋರ್ಡ್ ಮೇಲೆ ಇಂಗ್ಲಿಷ್.

ಲೆಕ್ಕ ಕೊಡುವಾಗ ಊರಿಲ್ಲದ ಗೋಪುರ ಯಾಕೆ, ಗೋಕಾಕ ಫಾಲ್ಸ್ ಕೊಡಿ. ಘಟಪ್ರಭಾ ಅಲ್ಲಿ ಸುಮಾರು 52 ಮೀಟರ್ ಬೀಳುತ್ತೆ. ಗಾಳಿಯ ತಡೆ ಬಿಟ್ಟರೆ 3.3 ಸೆಕೆಂಡ್, ಕೆಳಗೆ ಮುಟ್ಟುವಾಗ ಗಂಟೆಗೆ ಸುಮಾರು 115 ಕಿಮೀ. ಹಾಗಾದರೆ ತುಂತುರು ಯಾಕೆ ಮೆಲ್ಲಗೆ ತೇಲುತ್ತೆ ಅಂತ ಕೇಳಿ, ಗಾಳಿಯ ತಡೆಯ ಪಾಠ ಅಲ್ಲಿಂದಲೇ ಶುರು.

ಲ್ಯಾಬಲ್ಲಿ ಒಂದು ವಿಷಯಕ್ಕೆ ಹಟ ಹಿಡಿಯಿರಿ. ಒಂದು ಮೀಟರ್ ಲೋಲಕಕ್ಕೆ ಒಂದು ಆಂದೋಲನ ಸುಮಾರು 2 ಸೆಕೆಂಡ್. ಸ್ಟಾಪ್‌ವಾಚ್ ಒತ್ತುವುದರಲ್ಲಿ 0.2 ಸೆಕೆಂಡ್ ಆಚೀಚೆ ಆದರೆ 10% ತಪ್ಪು. 20 ಆಂದೋಲನ ಎಣಿಸಿದರೆ ಅದೇ ತಪ್ಪು 0.5%. ಇದನ್ನು ಬೋರ್ಡ್ ಮೇಲೆ ಹೇಳಬೇಡಿ, ಎರಡೂ ಥರ ಅಳೆಸಿ. ಈ ಲೋಲಕದ ಸಮಯದಿಂದಲೇ g ಲೆಕ್ಕ ಹಾಕೋದು; ಹೋದ ವರ್ಷದ ರೆಕಾರ್ಡ್ ನೋಡಿ 9.8 ಬರೆದವರಿಗಿಂತ, ತಾವೇ ಅಳೆದು 9.5 ಬಂದು ಯಾಕೆ ಅಂತ ಹೇಳಬಲ್ಲವರಿಗೆ ಜಾಸ್ತಿ ಮಾರ್ಕ್ಸ್ ಕೊಡಿ, ಮತ್ತು ಇದನ್ನು ಮೊದಲೇ ಸಾರಿ ಹೇಳಿ.

ರೆಕಾರ್ಡ್ ಮನೆಗೆ ಹೊತ್ತೊಯ್ಯಬೇಡಿ, ಅವರ ಎದುರೇ ತಿದ್ದಿ. ಬಸ್ಸಿಗೆ ಮುಂಚೆ ಇಪ್ಪತ್ತು ನಿಮಿಷ ಲ್ಯಾಬಲ್ಲೇ ಕೂರ್ತೀನಿ ಅಂತ ಬಾಗಿಲಿಗೆ ಚೀಟಿ ಅಂಟಿಸಿ. ಕ್ಲಾಸಲ್ಲಿ ಬಾಯಿ ಬಿಡದವರು ಆಗ ಬರ್ತಾರೆ.